ಹರಟೆ ಹೊಡೆಯಿರಿ, ಕನ್ನಡದಲ್ಲೇ ಹೊಡೆಯಿರಿ!

ಗೆಳೆಯರೇ, ಮೊದಲೇ ಹೇಳಿಬಿಡುತ್ತೇನೆ. ನಾನು ಸಾಹಿತಿ ಅಲ್ಲ, ಪ್ರೊಫೆಸರ್ ಅಲ್ಲ, ಭಾಷಣಕಾರನಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಹುಡುಗನಾಗಿದ್ದಾಗ ಕೇಸಿನ ಮುಂದೆ ಸ್ಟೂಲು ಹಾಕಿಕೊಂಡು ಮೊಳೆ ಜೋಡಿಸಿದ್ದೇನೆ, ಟ್ರೆಡಲ್ ತುಳಿದಿದ್ದೇನೆ. ಈಗ ಕಂಪ್ಯೂಟರು, ಆಫ್‌ಸೆಟ್ಟು. ಮದುವೆ ಕಾರ್ಡು, ಬಿಲ್ ಬುಕ್ಕು, ವೈಕುಂಠ ಸಮಾರಾಧನೆಯ ಕಾಗದ, ನವೆಂಬರ್ ಬಂದರೆ ರಾಜ್ಯೋತ್ಸವದ ಕರಪತ್ರ, ಅಪರೂಪಕ್ಕೊಂದು ಕವನ ಸಂಕಲನ. ಇಷ್ಟು ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಬರೆದವರ ಹೆಸರು ಮುಖಪುಟದಲ್ಲಿ ದಪ್ಪಗೆ ಇರುತ್ತದೆ. ನಮ್ಮ ಹೆಸರು ಒಳಗೆಲ್ಲೋ ಇರುವೆ ಗಾತ್ರದ ಅಕ್ಷರದಲ್ಲಿ ಕೂತಿರುತ್ತದೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಬೇರೆಯವರ ಮಾತನ್ನು ಮೂವತ್ತು ವರ್ಷ ಅಚ್ಚು ಹಾಕಿದ ಮೇಲೆ ನನ್ನದೂ ಒಂದು ಮಾತು ಹೇಳಬೇಕು ಅನ್ನಿಸಿದೆ. ಕೇಳಿ.

ನಮ್ಮ ಪ್ರೆಸ್ಸು ಚಾಮರಾಜಪೇಟೆಯ ಒಂದು ಸಣ್ಣ ರಸ್ತೆಯಲ್ಲಿದೆ. ಎದುರಿಗೊಂದು ಕಾಫಿ ಅಂಗಡಿ. ಭಾನುವಾರ ಬಂದರೆ ಅಲ್ಲಿ ನಿಮ್ಮಂಥ ಹುಡುಗ ಹುಡುಗಿಯರು ನಿಂತು ಗಂಟೆಗಟ್ಟಲೆ ಮಾತಾಡುತ್ತಾರೆ. ಹೋದ ವರ್ಷ ಒಂದು ದಿನ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಬಂದರು. "ಅಣ್ಣಾ, ಮೂರು ಕಾಫಿ, ಒಂದಕ್ಕೆ ಸಕ್ಕರೆ ಕಮ್ಮಿ" ಅಂದರು. ಶುದ್ಧ ಕನ್ನಡ. ಕಾಫಿ ಕೈಗೆ ಬಂದದ್ದೇ ತಡ, ಮಾತು ಇಂಗ್ಲಿಷಿಗೆ ಹೊರಳಿತು. ಸಾಕ್ರಟೀಸ್ ಅಂದರು, ಪ್ಲೇಟೋ ಅಂದರು, ಜೋರು ಜೋರಾಗಿ ಜಗಳವಾಡಿದರು. ನನಗೆ ಸಂತೋಷವೇ ಆಯಿತು. ಕ್ರಿಕೆಟ್ಟು ಬಿಟ್ಟು ಇವರು ಇಂಥದಕ್ಕೂ ಜಗಳ ಆಡುತ್ತಾರಲ್ಲ ಅಂತ. ಆಗ ಅವರಲ್ಲೊಬ್ಬ ಅಂದ: "ಇವೆಲ್ಲಾ ಕನ್ನಡದಲ್ಲಿ ಎಲ್ಲಿದೆ ಮಗಾ? ಇದ್ದರೂ ಯಾರು ಓದ್ತಾರೆ?"

ಆ ಮಾತು ನನಗೆ ಚುಚ್ಚಿತು. ಅವನು ಹೇಳಿದ್ದು ಸುಳ್ಳು ಅಂತಲ್ಲ. ಅವನು ನಿಂತಿದ್ದ ಜಾಗದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನನ್ನ ಪ್ರೆಸ್ಸಿನ ಅಟ್ಟದ ಮೇಲೆ, ಕನ್ನಡದ ಸಾಕ್ರಟೀಸ್ ಧೂಳು ತಿನ್ನುತ್ತಾ ಮಲಗಿದ್ದ. ಅವನನ್ನು ಅಲ್ಲಿಗೆ ಹತ್ತಿಸಿದವನು ನಾನೇ.

ಮೇಷ್ಟ್ರ ಕತೆ

2009ರಲ್ಲಿ ನಿವೃತ್ತರಾದ ಒಬ್ಬ ಮೇಷ್ಟ್ರು ಪ್ರೆಸ್ಸಿಗೆ ಬಂದರು. ಬಟ್ಟೆ ಚೀಲದಲ್ಲಿ ಗೆರೆ ಹಾಕಿದ ಹಾಳೆಗಳ ಕಟ್ಟು. ದುಂಡಗಿನ ಕೈಬರಹ. ಪ್ಲೇಟೋ ಬರೆದ ಎರಡು ಸಂವಾದಗಳನ್ನು ಕನ್ನಡಿಸಿದ್ದರು. ಒಂದು, ಸಾಕ್ರಟೀಸ್ ನ್ಯಾಯಸ್ಥಾನದಲ್ಲಿ ತನ್ನ ಪರವಾಗಿ ಆಡಿದ ಮಾತು. ಇನ್ನೊಂದು, ಸಾಯುವುದಕ್ಕೆ ಮೊದಲು ಜೈಲಿನಲ್ಲಿ ಗೆಳೆಯ ಕ್ರಿಟೋ ಜತೆ ನಡೆದ ಮಾತುಕತೆ. ನಾಲ್ಕು ವರ್ಷದ ಕೆಲಸ ಅಂದರು. ಸಾವಿರ ಪ್ರತಿ ಹಾಕಿಸಬೇಕು ಅಂತ ಅವರ ಆಸೆ.

ನಾನು ನಕ್ಕೆ. "ಮೇಷ್ಟ್ರೇ, ಯಾರು ಓದ್ತಾರೆ? ಮುನ್ನೂರು ಹಾಕಿಸಿ ಸಾಕು" ಅಂದೆ. ವ್ಯಾಪಾರಿಯಾಗಿ ಸರಿಯಾದ ಮಾತನ್ನೇ ಹೇಳಿದ್ದೆ. ಮೇಷ್ಟ್ರು ತಮ್ಮ ಪೆನ್ಷನ್ ದುಡ್ಡಿನಲ್ಲಿ ಮುನ್ನೂರು ಹಾಕಿಸಿದರು. ಐವತ್ತು ಪ್ರತಿಯ ಒಂದು ಕಟ್ಟನ್ನು ಆಟೋದಲ್ಲಿ ಒಯ್ದು ಗೊತ್ತಿದ್ದವರಿಗೆಲ್ಲಾ ಹಂಚಿದರು. ಮಿಕ್ಕ ಐದು ಕಟ್ಟು "ನಿಮ್ಮಲ್ಲೇ ಇರಲಿ, ಬೇಕಾದಾಗ ಒಯ್ಯುತ್ತೇನೆ" ಅಂದರು. ಬೇಕಾಗಲೇ ಇಲ್ಲ. ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಮನೆಯವರು "ನೀವೇ ಏನಾದರೂ ಮಾಡಿ" ಅಂದರು.

ನಾನು ಏನು ಮಾಡಿದೆ ಗೊತ್ತೆ? ಒಂದು ಮಳೆಗಾಲದಲ್ಲಿ ಅಟ್ಟ ಸೋರಿತು, ಜಾಗ ಬೇಕಾಯಿತು. ಒಂದು ಕಟ್ಟನ್ನು ರದ್ದಿಗೆ ಹಾಕಿದೆ. ತಕ್ಕಡಿಯಲ್ಲಿ ತೂಗಿ ಕೊಟ್ಟ ದುಡ್ಡಿನಲ್ಲಿ ಹುಡುಗರಿಗೆಲ್ಲಾ ಮಸಾಲೆ ದೋಸೆ ತರಿಸಿದೆ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನವರು ಸಾಕ್ರಟೀಸನಿಗೆ ವಿಷ ಕೊಟ್ಟರು. ನಾನು ಅವನನ್ನು ಕೇಜಿ ಲೆಕ್ಕದಲ್ಲಿ ಮಾರಿದೆ. ಅಥೆನ್ಸಿನವರು ಕೊನೇ ಪಕ್ಷ ಅವನ ಮಾತು ಪೂರ್ತಿ ಕೇಳಿದ್ದರು. ನಾನು ಅಚ್ಚು ಹಾಕಿದ ಪುಸ್ತಕವನ್ನೇ ಓದಿರಲಿಲ್ಲ.

ಅವತ್ತು ಆ ಹುಡುಗನ ಮಾತು ಕೇಳಿದ ಮೇಲೆ ಅಟ್ಟ ಹತ್ತಿದೆ. ಮೂರು ಪ್ರತಿ ತಂದು, ಧೂಳು ಹೊಡೆದು, ರಸ್ತೆ ದಾಟಿ ಅವರ ಕೈಗೆ ಕೊಟ್ಟೆ. "ಎಷ್ಟು ಅಂಕಲ್?" ಅಂದರು. "ಓದಿಕೊಂಡು ಬಂದು ಜಗಳ ಆಡಿ, ಅದೇ ದುಡ್ಡು" ಅಂದೆ. ಅವತ್ತು ರಾತ್ರಿ ನಾನೂ ಒಂದು ಪ್ರತಿ ಮನೆಗೆ ಒಯ್ದು ಓದಿದೆ. ಹದಿನೈದು ವರ್ಷ ತಡವಾಗಿ.

ಬೈಂಡರ್ ಚಾಚಾ ಹಾಕಿದ ಪ್ರಶ್ನೆ

ಮುಂದಿನ ಭಾನುವಾರ ಮೂವರೂ ಬಂದರು. ಪೇಪರ್ ರೀಮಿನ ಮೇಲೆ ಕೂತು ಕ್ರಿಟೋ ಸಂವಾದವನ್ನು ಜೋರಾಗಿ ಓದಿದರು. ಕತೆ ಸರಳ. ಎಪ್ಪತ್ತು ವರ್ಷದ ಸಾಕ್ರಟೀಸನಿಗೆ ಮರಣದಂಡನೆಯಾಗಿದೆ. ಬೆಳಗಿನ ಜಾವ ಕ್ರಿಟೋ ಜೈಲಿಗೆ ಬರುತ್ತಾನೆ. ದುಡ್ಡು ಸಿದ್ಧವಿದೆ, ಕಾವಲಿನವನು ಪರಿಚಯದವನು, ಬೇರೆ ಊರಲ್ಲಿ ಆಶ್ರಯ ಕೊಡುವವರಿದ್ದಾರೆ, ಎದ್ದು ನಡಿ ಅನ್ನುತ್ತಾನೆ. ಸಾಕ್ರಟೀಸ್ ಒಪ್ಪುವುದಿಲ್ಲ. ತಪ್ಪಿಗೆ ಪ್ರತಿಯಾಗಿ ತಪ್ಪು ಮಾಡಬಹುದೆ ಅಂತ ವಾದ ಹೂಡುತ್ತಾನೆ.

ನಮ್ಮ ಬೈಂಡರ್ ಚಾಚಾ ಒಂದು ಮೂಲೆಯಲ್ಲಿ ಫಾರಂ ಮಡಿಸುತ್ತಾ ಕೂತಿದ್ದ. ಅಪ್ಪನ ಕಾಲದಿಂದ ನಮ್ಮಲ್ಲಿರುವವನು. 2009ರಲ್ಲಿ ಆ ಪುಸ್ತಕಕ್ಕೆ ಹೊಲಿಗೆ ಹಾಕಿದವನೇ ಅವನು. ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅರ್ಧ ಕೇಳಿ ಅಂದ: "ಅಲ್ಲಪ್ಪಾ, ಅವನಿಗೆ ಮಕ್ಕಳು ಇಲ್ವಾ? ಫ್ರೆಂಡು ದುಡ್ಡು ಕಟ್ಟಿ ಬಾಗಿಲು ತೆಗೆಸವ್ನೆ. ಹೋಗಬೇಕಿತ್ತು. ಮಕ್ಕಳನ್ನ ಬೀದೀಲಿ ಬಿಟ್ಟು ಸಾಯೋದು ಎಂಥ ದೊಡ್ಡತನ?"

ಹುಡುಗಿ ಪುಟ ತಿರುವಿ ದಂಗಾಗಿ ಕೂತಳು. ಯಾಕೆಂದರೆ ಕ್ರಿಟೋ ಹಾಕುವ ಪ್ರಶ್ನೆಯೂ ಅದೇ! ಸಾಕ್ರಟೀಸನಿಗೆ ಮೂವರು ಗಂಡು ಮಕ್ಕಳು, ಇಬ್ಬರು ಇನ್ನೂ ಚಿಕ್ಕವರು. ಸಾಕುವ ಶಕ್ತಿ ಇಲ್ಲದಿದ್ದರೆ ಹುಟ್ಟಿಸಬಾರದಿತ್ತು ಅನ್ನುವಷ್ಟು ಕಟುವಾಗಿ ಕ್ರಿಟೋ ಕೇಳುತ್ತಾನೆ. ಎರಡು ಸಾವಿರದ ನಾನೂರು ವರ್ಷದ ಹಿಂದೆ ಗ್ರೀಸಿನಲ್ಲಿ ಎದ್ದ ಪ್ರಶ್ನೆಯನ್ನು ಓದು ಬಾರದ ನಮ್ಮ ಚಾಚಾ ತಾನೇ ಎತ್ತಿದ್ದ. ಹೇಗೆ ಸಾಧ್ಯವಾಯಿತು? ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿದ್ದರಿಂದ. ಅದೇ ಮಾತನ್ನು ಇವರು ಕಾಫಿ ಅಂಗಡಿಯ ಮುಂದೆ ಇಂಗ್ಲಿಷಿನಲ್ಲಿ ಆಡುತ್ತಿದ್ದಾಗ ಚಾಚಾ ಹತ್ತಡಿ ದೂರದಲ್ಲೇ ಬೀಡಿ ಸೇದುತ್ತಾ ನಿಂತಿರುತ್ತಿದ್ದ. ಅವನ ಪ್ರಶ್ನೆ ಅವನ ಹೊಟ್ಟೆಯಲ್ಲೇ ಉಳಿಯುತ್ತಿತ್ತು.

ಗೆಳೆಯರೇ, ನಾನು ಈ ಲೇಖನ ಬರೆಯುತ್ತಿರುವುದು ಇದೊಂದು ಮಾತಿಗಾಗಿ. ನೀವು ಇಂಗ್ಲಿಷಿನಲ್ಲಿ ಚರ್ಚೆ ಮಾಡಿದರೆ ನಿಮಗೆ ಸಿಗುವುದು ನಿಮ್ಮಂಥವರ ಉತ್ತರ ಮಾತ್ರ. ಕನ್ನಡದಲ್ಲಿ ಮಾಡಿದರೆ ಚಾಚಾನ ಪ್ರಶ್ನೆಯೂ ಸಿಗುತ್ತದೆ. ಆ ಪ್ರಶ್ನೆ ಇಲ್ಲದ ತತ್ವಶಾಸ್ತ್ರ ಉಪ್ಪಿಲ್ಲದ ಸಾರು.

ಮೂರು ಸವಕಲು ಮಾತು

ಆಮೇಲೆ ಭಾನುವಾರದ ಹರಟೆ ಬೆಳೆಯಿತು. ಮೂವರಿದ್ದದ್ದು ಏಳೆಂಟು ಜನವಾಯಿತು. ಈ ಹರಟೆಯಲ್ಲಿ ಮೂರು ಮಾತು ಮತ್ತೆ ಮತ್ತೆ ಬರುತ್ತವೆ. ನೀವೂ ಆಡಿರುತ್ತೀರಿ. ಒಂದೊಂದಾಗಿ ನೋಡೋಣ.

ಮೊದಲನೆಯದು: "ಅನುವಾದ ಎಂದರೆ ಎಂಜಲು. ಮೂಲ ಓದಬೇಕು."

ಸ್ವಾಮಿ, ಪ್ರತಿ ನವೆಂಬರಿನಲ್ಲಿ ನೀವು ಕರಪತ್ರದ ತಲೆಯ ಮೇಲೆ ಹಾಕಿಸುತ್ತೀರಲ್ಲ, ಕಾವೇರಿ ಗೋದಾವರಿಯ ನಡುವಿನ ಕನ್ನಡ ನಾಡಿನ ಮಾತು, ಅದು ಯಾವ ಪುಸ್ತಕದ್ದು? ಒಂಬತ್ತನೇ ಶತಮಾನದ ಕವಿರಾಜಮಾರ್ಗದ್ದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಅದನ್ನು ಬರೆದವನು ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಎದುರಿಗಿಟ್ಟುಕೊಂಡೇ ಬರೆದ. ಬೇಕಾದ್ದನ್ನು ತೆಗೆದುಕೊಂಡ, ಬೇಡದ್ದನ್ನು ಬಿಟ್ಟ, ಕನ್ನಡಕ್ಕೆ ಬೇಕಾದ್ದನ್ನು ತಾನೇ ಸೇರಿಸಿದ. ಪಂಪ ವ್ಯಾಸನ ಭಾರತವನ್ನು ತೆಗೆದುಕೊಂಡು ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ನಿಲ್ಲಿಸಿದ. ಇವರೆಲ್ಲಾ ಎಂಜಲು ಉಂಡವರೆ? ಹಾಗಾದರೆ ಕನ್ನಡ ಸಾಹಿತ್ಯದ ಮೊದಲ ಪಂಕ್ತಿಯೇ ಎಂಜಲಾಯಿತಲ್ಲ!

ಹತ್ತಿರದ ಕಾಲಕ್ಕೆ ಬನ್ನಿ. ಕನ್ನಡದಲ್ಲಿ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದ ಬಿ. ವೆಂಕಟಾಚಾರ್ಯರು ಒಬ್ಬರು, ಮರಾಠಿಯಿಂದ ತಂದ ಗಳಗನಾಥರು ಇನ್ನೊಬ್ಬರು. ಬಿ.ಎಂ.ಶ್ರೀ. ಅವರ ಇಂಗ್ಲಿಷ್ ಗೀತಗಳು 1926ರಲ್ಲಿ ಪುಸ್ತಕವಾಗಿ ಬಂದ ಮೇಲೆ ಕನ್ನಡ ಕವಿತೆಯ ನಡಿಗೆಯೇ ಬದಲಾಯಿತು. ಅದು ಅನುವಾದದ ಪುಸ್ತಕ. ನಿರಂಜನ ಗಾರ್ಕಿಯ ತಾಯಿಯನ್ನು ಕನ್ನಡಕ್ಕೆ ತಂದರು. ಆಮೇಲೆ ಅವರ ಸಂಪಾದಕತ್ವದಲ್ಲಿ ವಿಶ್ವಕಥಾಕೋಶದ 25 ಸಂಪುಟ ಬಂದವು. ಲಂಕೇಶ್ ಬೋದಿಲೇರನನ್ನು ತಂದರು, ಗ್ರೀಕ್ ನಾಟಕ ತಂದರು. ತೇಜಸ್ವಿ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ತಂದದ್ದು ಹೇಗಿದೆಯೆಂದರೆ, ಆ ಬಿಳಿಯ ಶಿಕಾರಿಯವನು ನಮ್ಮ ಪಕ್ಕದ ಮನೆಯವನೇನೋ ಅನ್ನಿಸುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಎಂಥ ಒಳ್ಳೆಯ ಮಾತಿದೆ ನೋಡಿ: ಕನ್ನಡಿಸುವುದು. ಅವರ ಸರಕನ್ನು ನಮ್ಮದು ಮಾಡಿಕೊಳ್ಳುವುದು.

"ಆದರೆ ಮೇಷ್ಟ್ರಿಗೆ ಗ್ರೀಕ್ ಬರುತ್ತಿರಲಿಲ್ಲ, ಇಂಗ್ಲಿಷಿನಿಂದ ಮಾಡಿದ್ದಾರೆ, ಅದು ಎರಡನೇ ಕೈ" ಅಂತ ಒಬ್ಬ ಹುಡುಗ ಪಟ್ಟು ಹಿಡಿದ. ನಿಜ, ನೇರವಾಗಿ ಗ್ರೀಕಿನಿಂದ ತರುವವರು ಬಂದರೆ ತಲೆಯ ಮೇಲೆ ಹೊತ್ತುಕೊಳ್ಳೋಣ. ಅಲ್ಲಿಯವರೆಗೆ ಬಾಗಿಲು ಮುಚ್ಚಿಕೊಂಡು ಕೂರಬೇಕೆ? ಯೂರೋಪಿನವರೇ ಅರಿಸ್ಟಾಟಲನ ಎಷ್ಟೋ ಗ್ರಂಥಗಳನ್ನು ಮೊದಲು ಓದಿದ್ದು ಅರಬ್ಬಿಯಿಂದ ಲ್ಯಾಟಿನ್ನಿಗೆ ಬಂದ ರೂಪದಲ್ಲಿ. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊ ಊರಿನಲ್ಲಿ ಅದೇ ದೊಡ್ಡ ಕೆಲಸವಾಗಿತ್ತು. ಎರಡನೇ ಕೈಯಲ್ಲಿ ಬಂದ ಅರಿಸ್ಟಾಟಲ್ ಅವರಿಗೆ ಆಗಬಹುದಾದರೆ, ಇಂಗ್ಲಿಷಿನ ಮೂಲಕ ಬಂದ ಪ್ಲೇಟೋ ನಮಗೆ ಆಗುವುದಿಲ್ಲವೆ?

ಎರಡನೆಯದು: "ಕತೆ ಕವಿತೆ ಸರಿ. ತತ್ವಶಾಸ್ತ್ರ ಕನ್ನಡದಲ್ಲಿ ಕೂರಲ್ಲ."

ಇದಕ್ಕೆ ಉತ್ತರ ನನಗೆ ಮೇಷ್ಟ್ರ ಪುಸ್ತಕದಲ್ಲೇ ಸಿಕ್ಕಿತು. ಕ್ರಿಟೋ ಸಂವಾದದ ಕೊನೆಯಲ್ಲಿ ಅಥೆನ್ಸಿನ ಕಾಯಿದೆಗಳೇ ಎದ್ದು ಬಂದು ಸಾಕ್ರಟೀಸನ ಜತೆ ಮಾತಾಡುವಂತೆ ಒಂದು ಭಾಗವಿದೆ. ನಮ್ಮ ನೆರಳಲ್ಲಿ ಹುಟ್ಟಿ ಬೆಳೆದೆ, ಎಪ್ಪತ್ತು ವರ್ಷ ಊರು ಬಿಟ್ಟು ಹೋಗಲಿಲ್ಲ, ಈಗ ನಿನಗೆ ಒಗ್ಗಲಿಲ್ಲ ಅಂತ ನಮ್ಮನ್ನು ಮುರಿದು ಓಡಿಹೋಗುತ್ತೀಯಾ ಅಂತ ಕೇಳುತ್ತವೆ. ಅಲ್ಲಿ ಮೇಷ್ಟ್ರು 'ಕಾನೂನು' ಅಂತ ಬರೆದಿಲ್ಲ. 'ಕಟ್ಟಳೆ' ಅಂತ ಬರೆದಿದ್ದಾರೆ. ಒಬ್ಬ ಹುಡುಗ "ಇದೇನು ಹಳೇ ಪದ, ಕಾನೂನು ಅಂದರೆ ಸಾಕಿತ್ತು" ಅಂದ. ಇನ್ನೊಬ್ಬ "ಧರ್ಮ ಅನ್ನಬೇಕಿತ್ತು" ಅಂದ. ಮೂರು ಭಾನುವಾರ ಅದೇ ಜಗಳ!

ಕೊನೆಗೆ ಹುಡುಗಿ ಹುಡುಕಿ ತಂದಳು. ಗ್ರೀಕಿನಲ್ಲಿ ಅಲ್ಲಿರುವ ಪದ 'ನೋಮೋಸ್'. ಅದಕ್ಕೆ ಸರ್ಕಾರದ ಕಾಯಿದೆ ಎಂಬ ಅರ್ಥವೂ ಇದೆ, ಊರಿನ ನಡಾವಳಿ, ಸಂಪ್ರದಾಯ ಎಂಬ ಅರ್ಥವೂ ಇದೆ. ಇಂಗ್ಲಿಷಿನ 'ಲಾ' ಎಂಬ ಪದದಲ್ಲಿ ಮೊದಲನೆಯದು ಎದ್ದು ಕಾಣುತ್ತದೆ, ಎರಡನೆಯದು ಹಿಂದಕ್ಕೆ ಸರಿಯುತ್ತದೆ. ಕನ್ನಡದ ಕಟ್ಟಳೆಯಲ್ಲಿ ಎರಡೂ ಇವೆ. ಕುಲದ ಕಟ್ಟಳೆ ಅನ್ನುತ್ತೇವೆ, ರಾಜನ ಕಟ್ಟಳೆ ಅನ್ನುತ್ತೇವೆ. ಇಂಗ್ಲಿಷಿನಿಂದ ಅನುವಾದ ಮಾಡಿದ ಮೇಷ್ಟ್ರು ಇಂಗ್ಲಿಷನ್ನು ದಾಟಿ ಗ್ರೀಕಿನ ಹತ್ತಿರಕ್ಕೆ ಹೋಗಿಬಿಟ್ಟಿದ್ದರು. ಇನ್ನೊಂದು ತಮಾಷೆ ಕೇಳಿ. ನಮ್ಮ 'ಕಾನೂನು' ಇದೆಯಲ್ಲ, ಅದರ ಬೇರು ಹುಡುಕುತ್ತಾ ಹೋದರೆ ಅರಬ್ಬಿ ದಾಟಿ 'ಕಾನೋನ್' ಎಂಬ ಗ್ರೀಕ್ ಪದಕ್ಕೇ ಮುಟ್ಟುತ್ತದೆ. ಸಾಕ್ರಟೀಸನ ಭಾಷೆಯ ಪದವೊಂದು ನಮ್ಮ ತಾಲ್ಲೂಕು ಕಚೇರಿಯಲ್ಲಿ ದಿನವೂ ಓಡಾಡುತ್ತಿದೆ, ನಮಗೆ ಗೊತ್ತಿಲ್ಲ ಅಷ್ಟೆ.

ಇನ್ನು ತತ್ವಶಾಸ್ತ್ರ ಎಂದರೆ ಏನು? ಸಾಕ್ರಟೀಸ್ ತಾನೇ ಒಂದು ಪುಸ್ತಕವನ್ನೂ ಬರೆಯಲಿಲ್ಲ. ಪೇಟೆ ಬೀದಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಮಾತಾಡಿಸುತ್ತಿದ್ದ. ಧೈರ್ಯ ಎಂದರೇನು, ನ್ಯಾಯ ಎಂದರೇನು ಅಂತ ಕೇಳುತ್ತಿದ್ದ. ಅದನ್ನು ಕನ್ನಡದಲ್ಲಿ ಹರಟೆ ಅನ್ನುತ್ತಾರೆ! ನಮ್ಮ ಕಲ್ಯಾಣದಲ್ಲೂ ಹಾಗೇ ಆಯಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಇವರಿಗೆಲ್ಲಾ ಕೈಯಲ್ಲಿ ಒಂದು ಕಸುಬು, ಬಾಯಲ್ಲಿ ಒಂದು ಪ್ರಶ್ನೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಬಾಗಿಲಲ್ಲೇ ಪ್ರಶ್ನೆ ಮಾಡಿದಳು, ಈ ಆಸೆ ನಮಗೇಕೆ ಅಂತ. ಒಬ್ಬ ಮನುಷ್ಯನಿಗೆ ಎಷ್ಟು ಬೇಕು ಎಂಬುದಕ್ಕಿಂತ ದೊಡ್ಡ ತತ್ವದ ಪ್ರಶ್ನೆ ಯಾವುದಿದೆ? ಶರಣರ ಮಾತನ್ನೆಲ್ಲಾ ಜೋಡಿಸಿ ಹದಿನೈದನೇ ಶತಮಾನದಲ್ಲಿ ಶೂನ್ಯಸಂಪಾದನೆ ಮಾಡಿದರಲ್ಲ, ಅದು ಪೂರ್ತಿ ಸಂವಾದ. ಅಲ್ಲಮ ಕೇಳುತ್ತಾನೆ, ಅಕ್ಕ ಉತ್ತರ ಕೊಡುತ್ತಾಳೆ. ಪ್ಲೇಟೋ ಓದಿ ಬಂದವರು ಅದನ್ನೊಮ್ಮೆ ತೆರೆದು ನೋಡಿ. ಅರಿವು, ಮರೆವು, ಇರವು, ಬಯಲು ಇಂಥ ಪದಗಳಿರುವ ಭಾಷೆಯಲ್ಲಿ ತತ್ವಶಾಸ್ತ್ರ ಕೂರುವುದಿಲ್ಲ ಅಂದರೆ, ಕೂರದಿರುವುದು ಭಾಷೆ ಅಲ್ಲ, ನಾವು.

ಆ ವಚನಗಳಾದರೂ ನಮಗೆ ಸಿಕ್ಕಿದ್ದು ಹೇಗೆ? ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ಊರೂರು ಅಲೆದು, 1923ರಲ್ಲಿ ವಚನ ಶಾಸ್ತ್ರ ಸಾರ ಹೊರತಂದರು. ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದವರು ತಮ್ಮ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಒಬ್ಬರು ಪ್ರೆಸ್ಸಿಗಾಗಿ ಮನೆ ಮಾರಿದರು. ಇನ್ನೊಬ್ಬ ಪ್ರೆಸ್ಸಿನವನು ಮಸಾಲೆ ದೋಸೆಗಾಗಿ ಪುಸ್ತಕ ಮಾರಿದ. ನನಗೆ ರಾತ್ರಿ ನಿದ್ದೆ ಬರದ್ದು ಇದಕ್ಕೇ.

ಮೂರನೆಯದು: "ಕನ್ನಡದ ಒಳ್ಳೆ ಪುಸ್ತಕ ಈಗ ಇಂಗ್ಲಿಷಿನಲ್ಲೇ ಸಿಗುತ್ತೆ, ಅದರಲ್ಲೇ ಓದಿದರಾಯಿತು."

ಇದನ್ನು ಹೇಳಿದ್ದು ಬೇರೆ ಯಾರೂ ಅಲ್ಲ, ನನ್ನ ಮಗಳು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹಾರ್ಟ್ ಲ್ಯಾಂಪ್‌ಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಅವಳು ಆ ಪುಸ್ತಕ ತಂದು ಓದಿದಳು. ಓದಿ ಮುಗಿಸಿ ಕಣ್ಣು ಒರೆಸಿಕೊಂಡು ಕೇಳಿದಳು: "ಅಪ್ಪಾ, ಇದು ಕನ್ನಡದಲ್ಲೂ ಸಿಗುತ್ತಾ?"

ಬೈಯಲು ಬಾಯಿ ತೆರೆದೆ. ಮುಚ್ಚಿಕೊಂಡೆ. ಅವಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದವನು ನಾನು. ಹಗಲೆಲ್ಲಾ ಕನ್ನಡ ಉಳಿಸಿ ಅಂತ ಕರಪತ್ರ ಅಚ್ಚು ಹಾಕಿ, ಆ ದುಡ್ಡಿನಲ್ಲೇ ಅವಳ ಫೀಸು ಕಟ್ಟಿದವನು ನಾನು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರೂ ಹೀಗೇ ಮಾಡಿದ್ದಾರೆ. ಆದ್ದರಿಂದ ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ತಪ್ಪು ಅಪ್ಪನದು ಅಂತ ನೀವು ಕೈ ತೊಳೆದುಕೊಂಡರೆ ಕನ್ನಡಕ್ಕೇನೂ ಲಾಭವಿಲ್ಲ.

ಅಂಗಡಿಯಿಂದ ಕನ್ನಡದ ಕತೆಗಳನ್ನು ತರಿಸಿದೆ. 'ಎದೆಯ ಹಣತೆ' ಕತೆಯನ್ನು ನಾನು ಕನ್ನಡದಲ್ಲಿ ಓದುವುದು, ಅವಳು ಇಂಗ್ಲಿಷ್ ಪುಸ್ತಕದಲ್ಲಿ ಬೆರಳಿಟ್ಟು ಹಿಂಬಾಲಿಸುವುದು. ಮೊದಲ ದಿನ ಎರಡು ಪುಟ ಆಯಿತು. ಬರಬರುತ್ತಾ ಅವಳೇ ಕನ್ನಡ ಓದತೊಡಗಿದಳು. ತಡವರಿಸಿ ತಡವರಿಸಿ, ಒತ್ತಕ್ಷರ ಬಂದಲ್ಲಿ ನಿಂತು ನಿಂತು. ಬದುಕು ಸಾಕಾಗಿ ಸಾಯಲು ಹೊರಟ ತಾಯಿಯನ್ನು ಮಗಳು ತಡೆಯುವ ಜಾಗಕ್ಕೆ ಬಂದಾಗ ಅವಳ ದನಿ ಕಟ್ಟಿತು. "ಇಂಗ್ಲಿಷಿನಲ್ಲಿ ಓದಿದಾಗ ಅಳು ಬಂತು, ಇದರಲ್ಲಿ ಭಯ ಆಯಿತು" ಅಂದಳು. ಯಾಕೆ ಅಂದೆ. "ಇಂಗ್ಲಿಷಿನಲ್ಲಿ ಬೇರೆಯವರ ಮನೆ. ಇದರಲ್ಲಿ ನಮ್ಮ ರಸ್ತೆ."

ಅನುವಾದಕಿ ದೀಪಾ ಭಾಸ್ತಿಯವರ ಬಗ್ಗೆ ನಮ್ಮಿಬ್ಬರಿಗೂ ಜೋರು ಜಗಳವಾಯಿತು. ಅವರು ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಇಂಗ್ಲಿಷಿನ ನಡುವೆ ಹಾಗೇ ಉಳಿಸಿದ್ದಾರೆ. ಅವನ್ನು ಓರೆ ಅಕ್ಷರದಲ್ಲಿ, ಅಂದರೆ ಇಟಾಲಿಕ್ಸಿನಲ್ಲಿ ಹಾಕಿಸಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಇಟಾಲಿಕ್ಸ್ ವಿರುದ್ಧ ಎಂಬ ಅರ್ಥದ ತಲೆಬರಹ ಕೊಟ್ಟು ಪುಸ್ತಕದಲ್ಲೇ ಒಂದು ಟಿಪ್ಪಣಿ ಬರೆದಿದ್ದಾರೆ. "ಲಂಡನ್ನಿನ ಓದುಗನಿಗೆ ತಲೆಬುಡ ತಿಳಿಯಲ್ಲ" ಅಂದೆ ನಾನು. ಮಗಳು ಅಂದಳು: "ಅಪ್ಪಾ, ನಾವು ಸ್ಕೂಲಿನಲ್ಲಿ ಸ್ಕೋನ್ ಅಂತ ಓದಿದಾಗ ಅದೇನು ತಿಂಡಿ ಅಂತ ಯಾರಾದರೂ ಹೇಳಿದ್ದರಾ? ನಾವೇ ಊಹೆ ಮಾಡಿಕೊಳ್ಳಲಿಲ್ವಾ? ಈಗ ಅವರೂ ಮಾಡಿಕೊಳ್ಳಲಿ." ಪ್ರೆಸ್ಸಿನವನಿಗೆ ಇಟಾಲಿಕ್ಸಿನ ಪಾಠ ಮಗಳಿಂದ! ಸೋತೆ, ಸಂತೋಷದಿಂದ ಸೋತೆ.

ಬೂಕರಿನ 50 ಸಾವಿರ ಪೌಂಡನ್ನು ಲೇಖಕಿ ಮತ್ತು ಅನುವಾದಕಿ ಸಮನಾಗಿ ಹಂಚಿಕೊಂಡರು, ಅದು ಆ ಬಹುಮಾನದ ನಿಯಮ. ನನ್ನ ಪ್ರೆಸ್ಸಿಗೆ ಬರುವ ಎಷ್ಟೋ ಅನುವಾದದ ಪುಸ್ತಕಗಳಲ್ಲಿ ಅನುವಾದಕನ ಹೆಸರು ಮುಖಪುಟದಲ್ಲೇ ಇರುವುದಿಲ್ಲ. ಮೊದಲು ಅದನ್ನು ಸರಿ ಮಾಡೋಣ. ನಾನಂತೂ ಇನ್ನು ಮೇಲೆ ಮುಖಪುಟ ಮಾಡುವಾಗ ಹಟ ಹಿಡಿದು ಹಾಕಿಸುತ್ತೇನೆ.

ಜಗಳಕ್ಕೂ ಒಂದು ಕಟ್ಟಳೆ

ಹರಟೆ ಹೊಡೆಯಿರಿ ಅಂದೆ. ಹೇಗೆ ಬೇಕಾದರೂ ಹೊಡೆಯಿರಿ ಅನ್ನಲಿಲ್ಲ. ಈಗಿನ ಒಂದು ಕೆಟ್ಟ ಚಾಳಿ ಹೇಳುತ್ತೇನೆ. ಪುಸ್ತಕ ಓದುವುದಕ್ಕೆ ಮೊದಲೇ ಬರೆದವನ ಜಾತಿ ಯಾವುದು, ಪಕ್ಷ ಯಾವುದು ಅಂತ ಕೇಳುವುದು. 2007ರಲ್ಲಿ ಭೈರಪ್ಪನವರ ಆವರಣ ಬಂದಾಗ ನಾಡಿಗೆ ನಾಡೇ ಎರಡು ಭಾಗವಾಯಿತು. ಅನಂತಮೂರ್ತಿಯವರ ಕಡೆ ಒಂದು ಗುಂಪು, ಭೈರಪ್ಪನವರ ಕಡೆ ಒಂದು ಗುಂಪು. ಚರ್ಚೆ ಆಗಬೇಕಾದ್ದೇ. ಆದರೆ ನನ್ನ ಪ್ರೆಸ್ಸಿನ ಮುಂದೆ ನಿಂತು ಕೂಗಾಡಿದವರಲ್ಲಿ ಎರಡೂ ಕಡೆ ಅರ್ಧ ಜನ ಪುಸ್ತಕ ಮುಟ್ಟಿರಲಿಲ್ಲ. ಅನಂತಮೂರ್ತಿ 2014ರಲ್ಲಿ ಹೋದರು, ಭೈರಪ್ಪ 2025ರಲ್ಲಿ ಹೋದರು. ಈಗಲಾದರೂ ಇಬ್ಬರ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬಾರದೆ?

ಹಿರಿಯರು ಹೇಗೆ ಜಗಳ ಆಡಿದರು ನೋಡಿ. ಕುವೆಂಪು ಶೂದ್ರ ತಪಸ್ವಿ ನಾಟಕ ಬರೆದಾಗ, ಪುರಾಣದ ಕತೆಯನ್ನು ಹೀಗೆ ಬದಲಿಸಿದ್ದು ಸರಿಯೆ ಅಂತ ಮಾಸ್ತಿ ಖಡಾಖಂಡಿತವಾಗಿ ಆಕ್ಷೇಪಿಸಿದರು. ಕುವೆಂಪು ಅಷ್ಟೇ ಖಡಕ್ಕಾಗಿ ಉತ್ತರಿಸಿದರು. ಇಬ್ಬರೂ ಓದಿ ಬರೆದರು, ಹೆಸರು ಹಾಕಿ ಬರೆದರು. ಇಬ್ಬರೂ ಜ್ಞಾನಪೀಠ ಪಡೆದರು. ಇನ್ನೊಂದು ಉದಾಹರಣೆ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ಒಯ್ದರು, ಜಗತ್ತೇ ಕೊಂಡಾಡಿತು. 1992ರಲ್ಲಿ ತೇಜಸ್ವಿನಿ ನಿರಂಜನ ತಮ್ಮ ಪುಸ್ತಕದಲ್ಲಿ ಆ ಅನುವಾದವನ್ನು ಪದಪದವಾಗಿ ಪ್ರಶ್ನೆ ಮಾಡಿದರು. ಬರೀ ತಪ್ಪು ಎತ್ತಿ ಸುಮ್ಮನಾಗಲಿಲ್ಲ, ಅಲ್ಲಮನ ವಚನವನ್ನು ತಾವೇ ಅನುವಾದ ಮಾಡಿ ತೋರಿಸಿದರು. ಆಕೆ ವಿಶ್ವಕಥಾಕೋಶದ ನಿರಂಜನರ ಮಗಳು. ಜಗಳ ಅಂದರೆ ಹೀಗಿರಬೇಕು. ಈ ಪದ ಸರಿಯಿಲ್ಲ ಅಂದವನು ಇನ್ನೊಂದು ಪದ ಕೊಡಬೇಕು.

ನಮ್ಮ ಸಂಘಟನೆಯ ಹುಡುಗರಿಗೂ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಕರಪತ್ರದ ಕರಡು ತಿದ್ದುವವನು ನಾನು, ನಿಮ್ಮ ಕಾಗುಣಿತ ನನಗೆ ಗೊತ್ತು. ನಾಮಫಲಕ ಕನ್ನಡದಲ್ಲಿ ಇರಬೇಕು ಅಂತ ಹೋರಾಡುತ್ತೀರಿ, ಸರಿ, ನಾನೂ ನಿಮ್ಮ ಜತೆ ಬರುತ್ತೇನೆ. ಆದರೆ ಅಂಗಡಿಯ ಹೊರಗಿನ ಬೋರ್ಡು ಕನ್ನಡವಾಗಿ, ನಮ್ಮ ತಲೆಯ ಒಳಗಿನ ಮಾತು ಇಂಗ್ಲಿಷಾದರೆ ಆ ಬೋರ್ಡು ಎಷ್ಟು ದಿನ ನಿಂತೀತು? ಬಾವುಟ ಹಿಡಿಯಲು ಒಂದು ಕೈ ಸಾಕು. ಇನ್ನೊಂದು ಕೈಗೆ ಪುಸ್ತಕ ಬರಲಿ.

ಕೆಲಸ ದೊಡ್ಡದೇನಲ್ಲ. ನಾಲ್ಕು ಜನ ಸೇರಿ. ಕಾಫಿ ಅಂಗಡಿಯಾದರೂ ಸರಿ, ಪಾರ್ಕಿನ ಬೆಂಚಾದರೂ ಸರಿ. ತಿಂಗಳಿಗೆ ಒಂದೇ ಪುಸ್ತಕ ಇಟ್ಟುಕೊಳ್ಳಿ. ಒಂದು ತಿಂಗಳು ಹೊರಗಿನಿಂದ ಕನ್ನಡಕ್ಕೆ ಬಂದದ್ದು, ಇನ್ನೊಂದು ತಿಂಗಳು ಕನ್ನಡದಿಂದ ಹೊರಗೆ ಹೋದದ್ದು. ಜೋರಾಗಿ ಓದಿ, ಪಕ್ಕದಲ್ಲಿ ನಿಂತವನಿಗೂ ಕೇಳಿಸಲಿ. ಅವನು ಬಾಯಿ ಹಾಕಿದರೆ ಬೇಡ ಅನ್ನಬೇಡಿ. ಪದ ಒಪ್ಪಿಗೆಯಾಗದಿದ್ದರೆ ಪುಟದ ಅಂಚಿನಲ್ಲಿ ನಿಮ್ಮ ಪದ ಬರೆಯಿರಿ. ಪುಸ್ತಕ ಎರವಲು ತರಬೇಡಿ, ದುಡ್ಡು ಕೊಟ್ಟು ತನ್ನಿ. ಪ್ರಕಾಶಕನಿಗೆ ತಿಳಿಯುವುದು ಒಂದೇ ಭಾಷೆ, ಮೊದಲ ಮುದ್ರಣ ಖರ್ಚಾಯಿತು ಎಂಬ ಭಾಷೆ. ಅದನ್ನು ಕೇಳಿದರೆ ಅವನು ಮುಂದಿನ ಮೇಷ್ಟ್ರಿಗೆ ಮುನ್ನೂರು ಅನ್ನುವುದಿಲ್ಲ, ಸಾವಿರ ಅನ್ನುತ್ತಾನೆ.

ಅಂದ ಹಾಗೆ, ಚಾಚಾನ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ. ಸಾಕ್ರಟೀಸ್ ಕೊಟ್ಟ ಉತ್ತರವನ್ನು ಹುಡುಗಿ ಓದಿ ಹೇಳಿದಳು: ನಾನು ಓಡಿಹೋದರೆ ಮಕ್ಕಳು ಪರದೇಶಿಗಳಾಗುತ್ತಾರೆ, ಇಲ್ಲೇ ಬಿಟ್ಟರೆ ಗೆಳೆಯರು ನೋಡಿಕೊಳ್ಳುವುದಿಲ್ಲವೆ ಅಂತ. ಚಾಚಾ ಒಪ್ಪಲಿಲ್ಲ. "ಅಪ್ಪನ ಜಾಗದಲ್ಲಿ ಫ್ರೆಂಡು ನಿಲ್ತಾನಾ?" ಅಂತ ಮತ್ತೆ ಕೇಳಿ ಫಾರಂ ಮಡಿಸಲು ಕೂತ. ಮುಂದಿನ ಭಾನುವಾರ ಅದೇ ಚರ್ಚೆ.

ಮೇಷ್ಟ್ರ ಪುಸ್ತಕದ ಮೂರು ಕಟ್ಟು ಅಟ್ಟದ ಮೇಲೆ ಇನ್ನೂ ಇವೆ. ರದ್ದಿಯವನು ತಿಂಗಳಿಗೊಮ್ಮೆ ಬಂದು ಬಾಗಿಲಲ್ಲಿ ಕೂಗುತ್ತಾನೆ. ಅವನಿಗಿಂತ ಮುಂಚೆ ನೀವು ಬನ್ನಿ.